ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ

ಶೀಟಿನಲ್ಲಿ ನಾಲ್ಕು ಮಾತ್ರೆ ಇರಬೇಕಿತ್ತು. ಏಳು ಇದ್ದವು.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ತುಮಕೂರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಮತ್ತೊಂದು ಸಲ ಎಣಿಸಿದೆ. ಏಳೇ. ಅಪ್ಪನಿಗೆ ಸ್ಟೆಂಟ್ ಹಾಕಿ ಆಗ ಐದು ತಿಂಗಳು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ಅದು. ಬೆಳಿಗ್ಗೆ ಎಂಟಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ನನ್ನ ಕಡೆ ತಿರುಗಿ, "ಒಂದು ಹೊತ್ತು ಊಟ ಬಿಟ್ರೂ ನಡೆಯುತ್ತೆ, ಇದನ್ನ ಮಾತ್ರ ಬಿಡೋ ಹಾಗಿಲ್ಲ" ಅಂದಿದ್ದರು. ಮೂರು ಹೊತ್ತು ಬಿಟ್ಟುಹೋಗಿತ್ತು. ಮೂರೂ ರಾತ್ರಿಯವು.

"ವಾಚು ಹೇಳಲೇ ಇಲ್ವಲ್ಲಮ್ಮಾ" ಅಂದರು ಅಪ್ಪ. ತಪ್ಪು ತಮ್ಮದೇ ಅನ್ನೋ ದನಿ. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಹೇಳಿದ್ದ ವಾಚು ಅದು.

ಅಮ್ಮ ಹೋದಮೇಲೆ ಅಪ್ಪ ಒಬ್ಬರೇ ಇದ್ದಾರೆ. ಬೆಂಗಳೂರಿಗೆ ಬನ್ನಿ ಅಂದರೆ ಬರೋರಲ್ಲ. ಕಿವಿ ಸ್ವಲ್ಪ ಮಂದ. ಫೋನು ಯಾವಾಗಲೂ ಹಾಲಿನ ಚಾರ್ಜರಿನಲ್ಲಿ ನೇತಾಡುತ್ತಿರುತ್ತೆ, ಇವರು ಅಮಾನಿಕೆರೆ ಸುತ್ತ ವಾಕಿಂಗ್ ಹೋಗಿರುತ್ತಾರೆ. ಅದಕ್ಕೇ ವಾಚು ಕೊಡಿಸಿದ್ದು. ಶಬ್ದ ಕೇಳಿಸದಿದ್ದರೂ ಕೈ ಮೇಲೆ ಗುರ್ ಅಂದರೆ ಗೊತ್ತಾಗುತ್ತೆ. ಯಾವ ಕಂಪನಿಯ ವಾಚು ಅಂತ ಇಲ್ಲಿ ಬರೆಯೋದಿಲ್ಲ. ಬರೆದರೆ, "ಓ ಅವರಾ, ಅವರು ಹಾಗೇ ಬಿಡಿ" ಅಂತ ನೀವು ಪುಟ ತಿರುಗಿಸಿಬಿಡ್ತೀರಿ. ನಿಮ್ಮ ಕೈಯಲ್ಲಿರೋ ವಾಚು ಬೇರೆ ಕಂಪನಿಯದ್ದಲ್ಲವಾ, ಸಮಾಧಾನ ಆಗಿಬಿಡುತ್ತೆ.

ಈಗ ತಪ್ಪೊಪ್ಪಿಗೆ. ನನ್ನ ಹೊಟ್ಟೆಪಾಡೇ ಸಾಫ್ಟ್‌ವೇರ್ ಟೆಸ್ಟಿಂಗ್. ಒಂಬತ್ತು ವರ್ಷದಿಂದ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳುತ್ತಿದ್ದೇನೆ. ಅಪ್ಪನ ವಾಚಿಗೆ ಬೀಟಾ ಸಾಫ್ಟ್‌ವೇರ್ ಬಂದಿದ್ದು ನನ್ನಿಂದಲೇ. ನನಗೂ ಅದೇ ಕಂಪನಿಯ ವಾಚಿದೆ. ಹೊಸ ವರ್ಶನ್ ಎಲ್ಲರಿಗಿಂತ ಎರಡು ತಿಂಗಳು ಮೊದಲೇ ನೋಡೋ ಚಪಲಕ್ಕೆ ಬೀಟಾ ಕಾರ್ಯಕ್ರಮಕ್ಕೆ ಸೇರಿದೆ. ಒಂದು ಬಟನ್ನು, ಒಂದು ಉದ್ದದ ಒಪ್ಪಂದ, ಇನ್ನೊಂದು ಬಟನ್ನು. ಅಪ್ಪನ ವಾಚನ್ನೂ ನಾನೇ ಸೆಟಪ್ ಮಾಡಿಕೊಟ್ಟಿದ್ದು, ನನ್ನ ಅಕೌಂಟಿನಲ್ಲೇ. ಬೀಟಾ ಬೇಕು ಅಂತ ಒಪ್ಪಿದ್ದು ನಾನಾದರೂ, ಕಂಪನಿ ಅದನ್ನು ಅಕೌಂಟಿನ ಒಪ್ಪಿಗೆ ಅಂತ ತಿಳಿದು ಎರಡೂ ವಾಚಿಗೆ ಇಳಿಸಿತು. ರಾತ್ರಿ ಚಾರ್ಜಿಗೆ ಹಾಕಿದ್ದಾಗ, ಅಪ್ಪ ಮಲಗಿದ್ದಾಗ.

ಒಪ್ಪಂದದ ಪುಟದಲ್ಲಿ ಇದು ಬರೆದಿತ್ತಾ? ಆಮೇಲೆ ಹೋಗಿ ನೋಡಿದೆ. ಬರೆದಿತ್ತು. ಹದಿನೇಳನೇ ಪ್ಯಾರಾದಲ್ಲಿ.

ಬೀಟಾ ಅನ್ನೋದರ ಮೇಲೆ ನನಗೇನೂ ದ್ವೇಷ ಇಲ್ಲ. ನಮ್ಮ ಕಸುಬಿನಲ್ಲಿ ಅದು ಪ್ರಾಮಾಣಿಕ ಪದ. ಕೆಲಸ ಮುಗಿದಿಲ್ಲ, ಆದರೂ ನೋಡಿ, ಎಡವಿದರೆ ಹೇಳಿ ಅಂತ ಬಾಗಿಲು ತೆಗೆದು ಕರೆಯೋದು. ಮೊದಲು ಆಫೀಸಿನ ಒಳಗಿನವರು ಬಳಸಿ ನೋಡೋದು ಆಲ್ಫಾ, ಹೊರಗಿನ ಕೆಲವರ ಕೈಗೆ ಕೊಡೋದು ಬೀಟಾ. ಆ 'ಕೆಲವರು' ಯಾವಾಗ 'ಎಲ್ಲರೂ' ಆದರೋ ಅಲ್ಲಿಂದ ಶುರುವಾಯಿತು ಎಡವಟ್ಟು. ಜಿಮೇಲ್ 2004ರ ಏಪ್ರಿಲ್ 1ಕ್ಕೆ ಬಂದು 2009ರ ಜುಲೈವರೆಗೆ ಬೀಟಾ ಅನ್ನೋ ಪಟ್ಟಿ ಹಚ್ಚಿಕೊಂಡೇ ಇತ್ತು. ಐದು ವರ್ಷ! ಕೋಟ್ಯಂತರ ಜನ ತಮ್ಮ ನೌಕರಿಯ ಆಫರ್ ಲೆಟರು, ಬ್ಯಾಂಕಿನ ಕಾಗದ ಎಲ್ಲ ಅದರಲ್ಲೇ ಇಟ್ಟುಕೊಂಡಿದ್ದರು. ಆಗ ನಮಗೆ ಅದು ತಮಾಷೆ ಅನ್ನಿಸಿತ್ತು. ಜಿಮೇಲ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತಲ್ಲ. ಪಟ್ಟಿ ಬೀಟಾ, ಒಳಗಿನ ಸರಕು ಪಕ್ಕಾ. ಈಗ ಕಾಲ ತಿರುಗಿದೆ. ಪಟ್ಟಿ ಪಕ್ಕಾ, ಒಳಗಿನದು ಬೀಟಾ.

ವಾಚಿನ ವಿಷಯಕ್ಕೆ ಬಂದರೆ, ಆಪಲ್ ತನ್ನ ವಾಚ್‌ಓಎಸ್‌ನ ಬೀಟಾವನ್ನು ಸಾರ್ವಜನಿಕರಿಗೆ ತೆರೆದಿದ್ದು 2020ರಲ್ಲಿ, ಏಳನೇ ವರ್ಶನ್‌ಗೆ. ಅದಕ್ಕೂ ಮೊದಲು ಡೆವಲಪರುಗಳಿಗೆ ಮಾತ್ರ ಇತ್ತು. ಐಫೋನಿನ ಬೀಟಾ ಸಾರ್ವಜನಿಕರಿಗೆ ಸಿಕ್ಕಿ ಎಷ್ಟೋ ವರ್ಷ ಆದಮೇಲೆ ವಾಚಿನದು ಸಿಕ್ಕಿತು. ತಡವಾಗಿದ್ದಕ್ಕೆ ಕಾರಣ ಇರಲೇಬೇಕು. ಬೀಟಾ ಹಾಕಿಕೊಂಡ ಫೋನು ಕೆಟ್ಟರೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ಹಳೇ ವರ್ಶನ್ ಹಾಕಿಕೊಳ್ಳಬಹುದು. ವಾಚಿಗೆ ಕೇಬಲ್ ಚುಚ್ಚೋಕೆ ತೂತೇ ಇಲ್ಲ! ಬೀಟಾ ಹಾಕಿಕೊಂಡ ವಾಚನ್ನು ಹಿಂದಿನ ವರ್ಶನ್‌ಗೆ ಬಳಕೆದಾರರು ಇಳಿಸಲಾಗದು ಅಂತ ಆಪಲ್ ತಾನೇ ಎಚ್ಚರಿಕೆ ಕೊಡುತ್ತೆ. ಕೊಡಲಿ, ಒಳ್ಳೆಯದೇ. ನನ್ನ ಪ್ರಶ್ನೆ ಬೇರೆ: ವಾಪಸ್ ಬರೋ ದಾರಿ ಇಲ್ಲದ ರಸ್ತೆಗೆ ಸಾರ್ವಜನಿಕರನ್ನು ಕರೆಯೋದು ಯಾಕೆ?

ನಾನೂ ವಾಪಸ್ ಬರೋಕೆ ನೋಡಿದೆ. ಆ ಭಾನುವಾರವೇ ಅಪ್ಪನ ವಾಚನ್ನು ಬೀಟಾದಿಂದ ಹೊರಗೆ ತೆಗೆದೆ. "ಮುಂದಿನ ಬೀಟಾ ಅಪ್‌ಡೇಟ್‌ಗಳು ಬರುವುದಿಲ್ಲ" ಅಂತ ತೋರಿಸಿತು. ಈಗ ಬಂದು ಕೂತಿರೋದರ ಕಥೆ? ಅದು ಅಲ್ಲೇ ಇರುತ್ತೆ. ತೆಗೀಬೇಕು ಅಂದರೆ ಸರ್ವಿಸ್ ಸೆಂಟರಿಗೆ ಕೊಡಬೇಕು, ಅವರು ಎಲ್ಲ ಅಳಿಸಿ ಹೊಸದಾಗಿ ಹಾಕಿ ಕೊಡ್ತಾರೆ, ಏಳರಿಂದ ಹತ್ತು ದಿನ. ಕೌಂಟರಿನ ಹುಡುಗ ಮರ್ಯಾದಸ್ಥ. "ಮೇಡಂ, ಇನ್ನು ಮೂರು ವಾರಕ್ಕೆ ಸ್ಟೇಬಲ್ ವರ್ಶನ್ ಬರುತ್ತೆ, ಅಲ್ಲೀವರೆಗೂ ತಡ್ಕೊಳ್ಳಿ" ಅಂದ. ತಡೆದುಕೊಂಡೆ.

ಆದರೆ ಆ ಮೂರು ರಾತ್ರಿ ವಾಚು ಸುಮ್ಮನಿದ್ದಿದ್ದು ಯಾಕೆ? ಅದನ್ನು ಕಂಡುಹಿಡಿಯದೆ ನನಗೆ ನಿದ್ದೆ ಬರೋ ಹಾಗಿರಲಿಲ್ಲ. ನನ್ನ ವಾಚಿನಲ್ಲಿ ಅದೇ ಬೀಟಾ, ಅದೇ ರಿಮೈಂಡರ್ ಹಾಕಿ ನೋಡಿದರೆ ಎಂಟಕ್ಕೆ ಸರಿಯಾಗಿ ಗುರ್ ಅನ್ನುತ್ತೆ. ಅಪ್ಪನ ವಾಚಿನ ದಾಖಲೆ ತೆಗೆದು ನೋಡಿದೆ. ಮೂರು ರಾತ್ರಿಯದ್ದಕ್ಕೂ 'ರಿಮೈಂಡರ್ ತಲುಪಿಸಲಾಗಿದೆ' ಅಂತಿತ್ತು. ಯಾರಿಗೆ ತಲುಪಿಸಿದಿರಿ ಸ್ವಾಮಿ?

ಬುಧವಾರ ರಾತ್ರಿ ಹನ್ನೊಂದಕ್ಕೆ ಹೊಳೆಯಿತು. ಹೊಸ ವರ್ಶನ್‌ನಲ್ಲಿ ಒಂದು ಸೌಲಭ್ಯ ಸೇರಿಸಿದ್ದರು. ನೀವು ಮಲಗಿದ್ದೀರಿ ಅಂತ ವಾಚೇ ಗುರುತಿಸಿ, ತಾನಾಗಿ ಎಲ್ಲ ಸದ್ದು, ಎಲ್ಲ ಕಂಪನ ನಿಲ್ಲಿಸಿಬಿಡುತ್ತೆ. ಬೆಡ್‌ಟೈಮ್ ಸೆಟ್ ಮಾಡೋ ತಾಪತ್ರಯವೇ ಇಲ್ಲ. ನಮ್ಮಪ್ಪ ಏನು ಮಾಡ್ತಾರೆ? ಸಂಜೆ ಐದೂವರೆಗೆ ಕೆರೆ ಸುತ್ತು ಹಾಕಿ ಬಂದು, ಏಳಕ್ಕೆ ಟಿವಿ ಮುಂದೆ ಕೂತು, ಏಳೂವರೆಗೆ ವಾರ್ತೆ ನೋಡ್ತಾ ನೋಡ್ತಾ ಕುರ್ಚಿಯಲ್ಲೇ ತೂಕಡಿಸುತ್ತಾರೆ. ಮುಕ್ಕಾಲು ಗಂಟೆ. ಎದ್ದು ಊಟ. ಊರಿನಲ್ಲಿ ಅರ್ಧಕ್ಕರ್ಧ ಹಿರಿಯರ ದಿನಚರಿ ಇದೇ. ನಾಡಿ ಇಳಿಯಿತು, ಕೈ ಅಲುಗುತ್ತಿಲ್ಲ, ಹೊರಗೆ ಕತ್ತಲು. ವಾಚು ತೀರ್ಮಾನಿಸಿತು: ಯಜಮಾನರು ಮಲಗಿದ್ದಾರೆ, ತೊಂದರೆ ಕೊಡಬಾರದು. ಎಂಟು ಗಂಟೆಯ ಮಾತ್ರೆಯ ನೆನಪನ್ನು ಸದ್ದಿಲ್ಲದೆ ಪರದೆ ಮೇಲೆ ಬರೆದು, ಬೆಳಕೂ ಹತ್ತಿಸದೆ, ಅಳಿಸಿ, ತಲುಪಿಸಲಾಗಿದೆ ಅಂತ ಷರಾ ಹಾಕಿತು. ವಾಚು ಕೊಡಿಸಿದಾಗ ಇದ್ದ ಹಳೇ ವರ್ಶನ್‌ನಲ್ಲಿ ಈ ಅತಿಬುದ್ಧಿವಂತಿಕೆ ಇರಲಿಲ್ಲ, ಹಾಗಾಗಿ ತೂಕಡಿಸಿದರೂ ಗುರ್ ಅಂತಿತ್ತು.

ಬೀಟಾ ಟೆಸ್ಟರು ಅಂದರೆ ಯಾರು? ನನ್ನಂಥವರು. ಮೂವತ್ತರ ಆಚೀಚೆ, ಗ್ಯಾಜೆಟ್ಟಿನ ಹುಚ್ಚು, ರಾತ್ರಿ ಒಂದರ ಮೊದಲು ಮಲಗದ ಜಾತಿ. ನಾವು ಸಾವಿರ ಜನ ಅಲ್ಲ, ಹತ್ತು ಲಕ್ಷ ಜನ ಸೇರಿ ಟೆಸ್ಟ್ ಮಾಡಿದರೂ ಸಂಜೆ ಏಳೂವರೆಗೆ ಕುರ್ಚಿಯಲ್ಲಿ ತೂಕಡಿಸೋ ಮನುಷ್ಯನ ಕಷ್ಟ ನಮಗೆ ಸಿಗೋದಿಲ್ಲ. ಸಾರ್ವಜನಿಕ ಬೀಟಾದಲ್ಲಿ 'ಸಾರ್ವಜನಿಕ' ಅನ್ನೋ ಪದವೇ ಸುಳ್ಳು. ವಾಚನ್ನು ನೆಚ್ಚಿಕೊಂಡಿರೋರು ಅದರಲ್ಲಿ ಇರೋದೇ ಇಲ್ಲ. ಇರಲೂಬಾರದು, ಅದೂ ನಿಜ. ಹಾಗಾದರೆ ಅವರ ಪರವಾಗಿ ಯಾರು ನೋಡಬೇಕು? ಅದಕ್ಕೆ ಅಂತ ಸಂಬಳ ಕೊಟ್ಟು ಇಟ್ಟುಕೊಂಡವರು. ಆ ಜನರನ್ನು ಕಡಿಮೆ ಮಾಡುತ್ತಾ, ಅವರ ಜಾಗದಲ್ಲಿ ಬಿಟ್ಟಿ ಉತ್ಸಾಹಿಗಳನ್ನು ಕೂರಿಸುತ್ತಾ ಬಂದಿರೋದು ನಮ್ಮ ಉದ್ಯಮದ ಹತ್ತು ವರ್ಷದ ಕಥೆ.

ನಾನು ಕಂಪನಿಗೆ ವರದಿ ಕಳಿಸಿದೆ. ಕಸುಬುದಾರಳ ವರದಿ: ಯಾವ ಬಿಲ್ಡ್, ಏನು ಮಾಡಿದರೆ ಮರುಕಳಿಸುತ್ತೆ, ಆ ಮೂರು ರಾತ್ರಿಯ ಲಾಗ್ ಫೈಲು, ಮಾತ್ರೆ ತಪ್ಪಿದರೆ ಆಗೋ ಅಪಾಯ. ನನ್ನ ತಂಡದಲ್ಲಿ ಯಾರಾದರೂ ಅಷ್ಟು ಚೆನ್ನಾಗಿ ಬರೆದಿದ್ದರೆ ಕಾಫಿ ಕೊಡಿಸುತ್ತಿದ್ದೆ. ಎರಡು ನಿಮಿಷಕ್ಕೆ ಉತ್ತರ ಬಂತು: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಹನ್ನೆರಡು ದಿನ ಆದಮೇಲೆ ಇನ್ನೊಂದು ಸಾಲು: ಸೌಲಭ್ಯವು ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ. ಇದೇ ದೂರು ಬೇರೆ ಎಷ್ಟು ಜನ ಕೊಟ್ಟಿದ್ದಾರೆ ಅಂತ ಪಕ್ಕದಲ್ಲೇ ಒಂದು ಸಂಖ್ಯೆ ಇರುತ್ತೆ. ಎರಡು. ಗಡಿಯಾರದ ಮುಖಕ್ಕೆ ಹೊಸ ಬಣ್ಣ ಬೇಕು ಅನ್ನೋ ಬೇಡಿಕೆಗೆ ನಾಲ್ಕು ಸಾವಿರದ ಮೇಲಿತ್ತು.

ತಲೆ ಎಣಿಸಿ ತಪ್ಪುಗಳ ತೂಕ ನೋಡಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ದೊಡ್ಡ ಉದಾಹರಣೆ ಇದೆ, ವಾಚಿನದ್ದಲ್ಲ, ವಿಂಡೋಸ್‌ನದ್ದು. ಮೈಕ್ರೋಸಾಫ್ಟ್ 2014ರಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸಗಾರರನ್ನು ತೆಗೆದಾಗ ಟೆಸ್ಟರುಗಳೂ ಬಹಳ ಜನ ಹೋದರು. ಅದೇ ವರ್ಷ ಅಕ್ಟೋಬರಿನಲ್ಲಿ ವಿಂಡೋಸ್ ಇನ್ಸೈಡರ್ ಅನ್ನೋ ಸಾರ್ವಜನಿಕ ಬೀಟಾ ಶುರುವಾಯಿತು. 2018ರ ಅಕ್ಟೋಬರ್ ಅಪ್‌ಡೇಟ್ ಬಂದಾಗ ಕೆಲವರ ಕಂಪ್ಯೂಟರಿನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳು ಮಾಯವಾದವು. ಕೆಲವೇ ದಿನಕ್ಕೆ ಅಪ್‌ಡೇಟ್ ನಿಲ್ಲಿಸಬೇಕಾಯಿತು. ನೋಡಿದರೆ, ಬಿಡುಗಡೆಗೆ ಮೊದಲೇ ಕೆಲವು ಇನ್ಸೈಡರುಗಳು ಇದನ್ನು ಹೇಳಿದ್ದರು. ಅವರ ದೂರಿಗೆ ಓಟು ಬಿದ್ದಿರಲಿಲ್ಲ, ರಾಶಿಯಲ್ಲಿ ಕೆಳಗೆ ಹೋಗಿಬಿಟ್ಟಿತ್ತು. ತೊಂದರೆಯಾಗಿದ್ದು ಹತ್ತು ಸಾವಿರಕ್ಕೆ ಒಬ್ಬರಿಗೆ ಅಂತ ಕಂಪನಿ ಹೇಳಿತು. ಆಮೇಲೆ ದೂರು ಕೊಡುವಾಗ ಅದರ ತೀವ್ರತೆ ಎಷ್ಟು ಅಂತ ಗುರುತಿಸೋ ಜಾಗ ಸೇರಿಸಿದರು. ಆಮೇಲೆ! ನಮ್ಮಲ್ಲಿ ಟೆಸ್ಟಿಂಗ್ ಕೋರ್ಸಿನ ಮೊದಲ ವಾರ ಕಲಿಸೋ ಪಾಠ ಇದು. ಎಷ್ಟು ಜನರಿಗೆ ಆಗುತ್ತೆ ಅನ್ನೋದು ಬೇರೆ, ಆದವರಿಗೆ ಏನಾಗುತ್ತೆ ಅನ್ನೋದು ಬೇರೆ.

ಮೂರು ವಾರಕ್ಕೆ ಸ್ಟೇಬಲ್ ವರ್ಶನ್ ಬಂತು. ಅಪ್ಪನ ಫೋನು ಕನ್ನಡದಲ್ಲಿದೆ, ಅವರೇ ಓದಿ ಹೇಳಿದರು: "ಈ ಅಪ್‌ಡೇಟ್‌ನಲ್ಲಿ ಕಾರ್ಯಕ್ಷಮತೆಯನ್ನು ಸುಧಾರಿಸಲಾಗಿದೆ ಮತ್ತು ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ." ಹಾಕಿದೆವು. ಆ ಶನಿವಾರ ನಾನೇ ತುಮಕೂರಿಗೆ ಹೋಗಿ ಏಳೂವರೆಗೆ ಅಪ್ಪನ ಪಕ್ಕದಲ್ಲಿ ಕೂತೆ. ಅಪ್ಪ ತೂಕಡಿಸಿದರು. ಎಂಟು ಗಂಟೆ. ಎಂಟೂ ಎರಡು. ವಾಚು ಮೌನ. ನಾನು ಕಳಿಸಿದ್ದ ದೋಷ ಒಂದಿನಿತೂ ಸವೆಯದೆ, ಬೀಟಾ ಅನ್ನೋ ಹಣೆಪಟ್ಟಿ ಕಳಚಿಕೊಂಡು, ಬೀಟಾದ ಹೆಸರೇ ಕೇಳದ ಎಲ್ಲರ ಕೈಗೂ ತಲುಪಿತ್ತು.

ಆ ಸಾಲನ್ನು ಇನ್ನೊಂದು ಸಲ ಓದಿ. ವಿಮರ್ಶೆಗೆ ಯೋಗ್ಯವಾದ ಸಾಹಿತ್ಯ ಅದು. ಸುಧಾರಿಸಲಾಗಿದೆ, ಸರಿಪಡಿಸಲಾಗಿದೆ. ಹೈಸ್ಕೂಲಿನಲ್ಲಿ ಕರ್ಮಣಿ ಪ್ರಯೋಗ ಅಂತ ಕಲಿತೆವಲ್ಲ, ಮಾಡಿದವನು ಕಾಣೆಯಾಗಿ ಮಾಡಿದ್ದು ಮಾತ್ರ ಉಳಿಯುತ್ತೆ. ಮಾತಾಡುವಾಗ ಕನ್ನಡದವರು ಯಾರೂ ಹಾಗೆ ಆಡೋದಿಲ್ಲ, ಸರ್ಕಾರಿ ಸುತ್ತೋಲೆಗಳಲ್ಲಿ ಮಾತ್ರ ನೋಡಿದ್ದೇವೆ. ಯಾರು ಸರಿಪಡಿಸಿದರು? ಯಾವ ದೋಷ? ಅದು ಎಷ್ಟು ದಿನದಿಂದ ಇತ್ತು? 'ಸಣ್ಣಪುಟ್ಟ' ಅಂತ ಅಳೆದಿದ್ದು ಯಾರ ಅಳತೆಗೋಲಿನಲ್ಲಿ? ಇನ್ನು ಆ ಅಪ್‌ಡೇಟಿನಲ್ಲಿ ಹೊಸದಾಗಿ ಸೇರಿದ ದೋಷಗಳ ಪಟ್ಟಿಯಂತೂ ಇರೋದೇ ಇಲ್ಲ. ಇರೋದಿಲ್ಲ ಅಂದರೆ ಅವರಿಗೆ ಗೊತ್ತಿರೋದಿಲ್ಲ ಅಂತಲ್ಲ. ಗೊತ್ತಿರುತ್ತೆ. ಹೇಗೆ ಹೇಳ್ತೀನಿ ಅಂದರೆ ನಾನೂ ಅಂಥ ಪಟ್ಟಿ ಬರೆಯೋಳು. ಅದನ್ನು ನಮ್ಮಲ್ಲಿ 'ನೋನ್ ಇಶ್ಯೂಸ್' ಅಂತೀವಿ. ಒಳಗಿನ ಪಟ್ಟಿಯಲ್ಲಿ ನಲವತ್ತು ಇದ್ದರೆ ಹೊರಗಿನ ಪಟ್ಟಿಯಲ್ಲಿ ಮೂರು ಬರುತ್ತೆ.

ಆಪಲ್ಲೇ 2022ರಲ್ಲಿ ವಾಚ್‌ಓಎಸ್ 9ರ ಜೊತೆ ಮಾತ್ರೆ ನೆನಪಿಸೋ ಆ್ಯಪ್ ಕೊಟ್ಟಿತು. ಹಾಗಾಗಿ "ಮಾತ್ರೆಗೆಲ್ಲ ವಾಚು ನಂಬ್ಕೊಂಡ್ರೆ ಆಗುತ್ತೇನ್ರೀ" ಅಂತ ನನಗೆ ಬುದ್ಧಿ ಹೇಳೋಕೆ ಬರುವವರು ದಯವಿಟ್ಟು ಮೊದಲು ಈ ಉದ್ಯಮದ ಜಾಹೀರಾತು ನೋಡಿ ಬನ್ನಿ. ಬಿದ್ದರೆ ಫೋನ್ ಮಾಡುತ್ತೆ, ಎದೆ ಬಡಿತ ತಪ್ಪಿದರೆ ಎಚ್ಚರಿಸುತ್ತೆ, ಜೀವ ಉಳಿಸುತ್ತೆ. ಮಾರುವಾಗ ಅದು ರಕ್ಷಕ. ಕೈಕೊಟ್ಟಾಗ ನಿಯಮಗಳ ಪುಟದಲ್ಲಿ 'ಇದು ವೈದ್ಯಕೀಯ ಸಾಧನವಲ್ಲ'.

ನಮ್ಮ ವಾಚು ಸತ್ತಿರಲಿಲ್ಲ, ಸುಮ್ಮನಾಗಿತ್ತು ಅಷ್ಟೆ. ಪೂರ್ತಿ ಸತ್ತ ಉದಾಹರಣೆಗಳೂ ಇವೆ. 2016ರ ಡಿಸೆಂಬರಿನಲ್ಲಿ ಬಂದ ವಾಚ್‌ಓಎಸ್ 3.1.1 ಕೆಲವು ಸೀರೀಸ್ 2 ವಾಚುಗಳನ್ನು ಕಲ್ಲು ಮಾಡಿತು, ಆಪಲ್ ಅದನ್ನು ಹಿಂತೆಗೆಯಿತು. 2018ರ ಅಕ್ಟೋಬರ್ ಕೊನೆಗೆ 5.1 ಬಂದಾಗ ಮತ್ತದೇ, ಕೆಲವು ವಾಚುಗಳು ಸೇಬಿನ ಚಿತ್ರ ತೋರಿಸಿಕೊಂಡು ನಿಂತವು. ಈ ಸಲ ಸಿಕ್ಕಿಕೊಂಡವರಲ್ಲಿ ಆಗತಾನೇ ಬಂದಿದ್ದ ಸೀರೀಸ್ 4 ಕೊಂಡವರಿದ್ದರು. ಬಿದ್ದರೆ ಗುರುತಿಸುತ್ತೆ ಅಂತ ಮಾರಿದ ಮೊದಲ ಆಪಲ್ ವಾಚು ಅದು. 2022ರ ನವೆಂಬರಿನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4ಕ್ಕೆ ಬಂದ ಅಪ್‌ಡೇಟ್ ಹಾಕಿಕೊಂಡು ಒಮ್ಮೆ ಆಫ್ ಮಾಡಿದ ಕೆಲವರ ವಾಚು ಮತ್ತೆ ಆನ್ ಆಗಲೇ ಇಲ್ಲ. ಅವರೂ ನಿಲ್ಲಿಸಿದರು. ಹೀಗೆ ನಿಲ್ಲಿಸೋದನ್ನು ನಾನು ಮೆಚ್ಚುತ್ತೇನೆ. ಆದರೆ ಮೊದಲ ದಿನವೇ ಉತ್ಸಾಹದಿಂದ ಬಟನ್ ಒತ್ತಿದವರು ಸಂಬಳವಿಲ್ಲದ ಟೆಸ್ಟರುಗಳಾಗಿ ಕೆಲಸ ಮುಗಿಸಿಕೊಟ್ಟಿದ್ದರಿಂದಲೇ ನಿಲ್ಲಿಸೋಕೆ ಆಗಿದ್ದು ಅನ್ನೋದನ್ನೂ ಮರೆಯೋಕಾಗಲ್ಲ.

ಗಾರ್ಮಿನ್‌ನದು ಇನ್ನೂ ವಿಚಿತ್ರ. 2025ರ ಜನವರಿ 28ರಂದು ಪ್ರಪಂಚದ ಎಷ್ಟೋ ಕಡೆ ಓಟಕ್ಕೆ ಹೊರಟವರು ಜಿಪಿಎಸ್ ಶುರು ಮಾಡಿದರೆ ವಾಚಿನಲ್ಲಿ ನೀಲಿ ತ್ರಿಕೋನ, ರೀಸ್ಟಾರ್ಟು, ಮತ್ತೆ ನೀಲಿ ತ್ರಿಕೋನ. ಅವತ್ತು ಯಾರೂ ಅಪ್‌ಡೇಟ್ ಒತ್ತಿರಲಿಲ್ಲ. ಉಪಗ್ರಹಗಳು ಎಲ್ಲಿರುತ್ತವೆ ಅನ್ನೋ ಮಾಹಿತಿಯ ಒಂದು ಪುಟ್ಟ ಫೈಲು ತಾನಾಗಿ ಬಂದು ಕೂರುತ್ತಿರುತ್ತೆ, ಬೇಗ ಲೊಕೇಶನ್ ಸಿಗಲಿ ಅಂತ. ಅದರಲ್ಲಿತ್ತು ಎಡವಟ್ಟು. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಮಾಡಿದ್ದೂ ಇದನ್ನೇ. ಅಲ್ಲೂ ಕೆಟ್ಟಿದ್ದು ದೊಡ್ಡ ಸಾಫ್ಟ್‌ವೇರ್ ಅಲ್ಲ, ಒಂದು ಪುಟ್ಟ ಮಾಹಿತಿ ಫೈಲು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರು ಒಟ್ಟಿಗೆ ಮಗುಚಿಕೊಂಡವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಫೈಲು ಚಿಕ್ಕದು, ಸಾಫ್ಟ್‌ವೇರ್ ಅಲ್ಲ, ಹಂತ ಹಂತವಾಗಿ ಬಿಡೋದು ಬೇಕಿಲ್ಲ ಅನ್ನೋ ಧೈರ್ಯ. ನೂರಕ್ಕೆ ಒಬ್ಬರಿಗೆ ಮೊದಲು ಬಿಟ್ಟು, ಒಂದು ದಿನ ಕಾದು, ಆಮೇಲೆ ಹತ್ತು ಜನಕ್ಕೆ, ಆಮೇಲೆ ಎಲ್ಲರಿಗೆ ಅನ್ನೋ ಕ್ರಮ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಬೇಕಾಗೋದು ತಾಳ್ಮೆ ಮಾತ್ರ.

ಕಂಪನಿಗಳ ಪರವಾಗಿ ಹೇಳಬೇಕಾದ್ದೂ ಇದೆ, ಹೇಳದಿದ್ದರೆ ನನ್ನ ಸಹೋದ್ಯೋಗಿಗಳೇ ಬಯ್ಯುತ್ತಾರೆ. ವಾಚಿನ ಬ್ಯಾಟರಿ 250ರಿಂದ 400 ಮಿಲಿಆ್ಯಂಪ್ ಅವರ್ ಸುಮಾರಿನದ್ದು, ಫೋನಿನದು 5000. ಫೋನಿನಲ್ಲಿ ನಿಮಗೆ ಗೊತ್ತೇ ಆಗದಷ್ಟು ಸಣ್ಣ ತಪ್ಪು, ವಾಚನ್ನು ಮಧ್ಯಾಹ್ನದೊಳಗೆ ಮಲಗಿಸುತ್ತೆ. ನೂರಾರು ಫೋನು ಮಾಡೆಲ್ಲು, ಹತ್ತಾರು ಭಾಷೆ, ಬೆವರು, ಹಚ್ಚೆ, ಸಡಿಲ ಪಟ್ಟಿ, ಇಷ್ಟನ್ನೂ ಒಂದು ಲ್ಯಾಬಿನಲ್ಲಿ ಕೂಡಿಸೋಕಾಗಲ್ಲ. ಹಳೇ ವರ್ಶನ್‌ಗೆ ಬಿಡದೇ ಇರೋದಕ್ಕೂ ಅರ್ಥವಿರೋ ಕಾರಣವಿದೆ. ಹಳೆಯದರಲ್ಲಿ ಕಳ್ಳರು ನುಗ್ಗೋ ಕಿಂಡಿ ಇರುತ್ತೆ, ಅದನ್ನು ಮುಚ್ಚೋಕೇ ಹೊಸದು ಬಂದಿರುತ್ತೆ. ಎಲ್ಲ ಒಪ್ಪಿದೆ. ಆದರೆ ಆಂಡ್ರಾಯ್ಡ್ ಫೋನುಗಳಿಗೆ 2016ರಲ್ಲೇ, ಏಳನೇ ವರ್ಶನ್‌ನಿಂದ, ಹೊಸದನ್ನು ಪಕ್ಕದಲ್ಲಿ ಬರೆದು, ಅದು ಏಳದಿದ್ದರೆ ತಾನಾಗಿ ಹಳೆಯದಕ್ಕೇ ಮರಳೋ ವ್ಯವಸ್ಥೆ ಬಂತು. ವಾಚಿನಲ್ಲಿ ಜಾಗ ಕಡಿಮೆ ಅಂತ ಹೇಳ್ತಾ ಬಂದರು. ಈಗ ವಾಚಿನಲ್ಲಿ 32, 64 ಜಿಬಿ ಜಾಗ ಇರುತ್ತೆ. ಹಾಡು ತುಂಬಿಕೊಳ್ಳೋಕೆ.

ನಿಜವಾದ ಕಾರಣ ಕ್ಯಾಲೆಂಡರು. ಹೊಸ ವಾಚು ಮಾರುಕಟ್ಟೆಗೆ ಬರೋ ದಿನ ಮೊದಲೇ ನಿಗದಿ. ಪೆಟ್ಟಿಗೆ ಹಡಗಿನಲ್ಲಿ ಹೊರಟಿರುತ್ತೆ, ಜಾಹೀರಾತಿನ ಜಾಗ ಬುಕ್ ಆಗಿರುತ್ತೆ. ಸಾಫ್ಟ್‌ವೇರ್ ಆ ದಿನಕ್ಕೆ ಸಿದ್ಧ ಆಗಲೇಬೇಕು, ಆಗದಿದ್ದರೆ ಆಗಿದೆ ಅಂತ ಘೋಷಿಸಬೇಕು. ಇದನ್ನು ದೂರದಿಂದ ನೋಡಿ ಹೇಳುತ್ತಿಲ್ಲ. ಹೋದ ಮಾರ್ಚಿನಲ್ಲಿ ನಮ್ಮ ಆಫೀಸಿನ ಶುಕ್ರವಾರದ ಮೀಟಿಂಗಿನಲ್ಲಿ ಒಂದು ದೋಷದ ಬಗ್ಗೆ ಚರ್ಚೆ ಆಯಿತು. ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರು, ಯಾರ ಪ್ರಾಣಕ್ಕೂ ಸಂಚಕಾರ ಇಲ್ಲ. "ಎಷ್ಟು ಜನರಿಗೆ ಆಗುತ್ತೆ?" ಅಂತ ಮ್ಯಾನೇಜರ್ ಕೇಳಿದರು. "ತುಂಬ ಕಡಿಮೆ, ಎಡ್ಜ್ ಕೇಸು. ಮುಂದಿನ ಪ್ಯಾಚಿನಲ್ಲಿ ನೋಡಬಹುದು" ಅಂದಿದ್ದು ನಾನೇ. ಎಲ್ಲರೂ ತಲೆಯಾಡಿಸಿದರು, ಆರೂವರೆಯ ಕ್ಯಾಬು ಸಿಕ್ಕಿತು. ನಮ್ಮಪ್ಪ ಇನ್ನೊಬ್ಬರ ಮೀಟಿಂಗಿನಲ್ಲಿ ಎಡ್ಜ್ ಕೇಸು ಆಗುವವರೆಗೆ ಆ ಪದ ನನ್ನ ಗಂಟಲಿಗೆ ಒತ್ತಿರಲಿಲ್ಲ.

ಅಪ್ಪ ಕೆಇಬಿ ಕಾಲದಲ್ಲಿ ಲೈನ್‌ಮನ್ ಆಗಿ ಸೇರಿ ಬೆಸ್ಕಾಂನಲ್ಲಿ ನಿವೃತ್ತರಾದವರು. ಇಷ್ಟೆಲ್ಲ ಅವರಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್‌ಸಿ ಯಾರ ಹೆಸರಲ್ಲಿತ್ತು?" ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತೋ ಮೊದಲು ಸ್ಟೇಶನ್ನಿನಿಂದ ಲೈನ್ ಬಂದ್ ಮಾಡಿಸಿ ಎಲ್‌ಸಿ ತಗೋಬೇಕು. ಯಾರು ತಗೊಂಡರೋ ಅವರ ಹೆಸರು ದಾಖಲಾಗುತ್ತೆ. ಕೆಲಸ ಮುಗಿಸಿ, ಕಂಬದ ಮೇಲೆ ನಮ್ಮವರು ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ತಗೊಂಡವರೇ ವಾಪಸ್ ಕೊಡಬೇಕು. ಅಲ್ಲಿಯವರೆಗೆ ಇಡೀ ಊರು ಕತ್ತಲಲ್ಲಿ ಕೂತು ಶಾಪ ಹಾಕಿದರೂ, ದೊಡ್ಡವರು ಯಾರೇ ಫೋನ್ ಮಾಡಿದರೂ ಕರೆಂಟು ಬಿಡೋ ಹಾಗಿಲ್ಲ. ಆ ನಿಯಮ ಮೀರಿದಾಗ ಏನಾಯಿತು ಅನ್ನೋ ಎರಡು ಕಥೆ ಅಪ್ಪನ ಬಳಿ ಇವೆ. ಅವುಗಳನ್ನು ಅವರು ಪೂರ್ತಿ ಹೇಳಿದ್ದು ನಾನು ಕೇಳಿಲ್ಲ, ಅರ್ಧಕ್ಕೇ ಎದ್ದುಹೋಗುತ್ತಾರೆ.

"ಯಾರ ಹೆಸರಲ್ಲೂ ಇಲ್ಲ ಅಪ್ಪಾ" ಅಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಯಾರೂ ಸಹಿ ಹಾಕದೆ ಲಕ್ಷಾಂತರ ಜನರ ಕೈಗೆ ಹೇಗೆ ಹೋಗುತ್ತೆ ಅಂತ ತಿರುಗಿಸಿ ತಿರುಗಿಸಿ ಕೇಳಿದರು.

ಈಗ ಆ ಸೌಲಭ್ಯವನ್ನು ಆಫ್ ಮಾಡಿಟ್ಟಿದ್ದೇನೆ. ಸೆಟಿಂಗ್ಸ್‌ನ ಐದನೇ ಪದರದಲ್ಲಿತ್ತು. ಅಪ್ಪನ ಅಕೌಂಟು ಬೇರೆ ಮಾಡಿದ್ದೇನೆ. ರಾತ್ರಿ ಎಂಟಕ್ಕೆ ನಾನೇ ಪಕ್ಕದ ಮನೆ ಆಂಟಿಗೆ ಮೆಸೇಜು ಹಾಕುತ್ತೇನೆ, ಅವರು ಕಾಂಪೌಂಡಿನಿಂದಲೇ "ಮಾತ್ರೆ ತಗೊಂಡ್ರಾ?" ಅಂತ ಕೂಗುತ್ತಾರೆ. ಅವರಿಗೆ ಅಪ್‌ಡೇಟ್ ಬರೋದಿಲ್ಲ. ಆದರೆ ಅವರೂ ಶ್ರಾವಣಕ್ಕೆ ಮಗನ ಮನೆಗೆ ಹೋಗುತ್ತಾರೆ, ಹಾಗಾಗಿ ವಾಚು ಇನ್ನೂ ಅಪ್ಪನ ಕೈಯಲ್ಲೇ ಇದೆ. ಅಪ್ಪ ಹಳೇ ಎಚ್‌ಎಂಟಿಗೆ ಮರಳಿದರು ಅಂತ ಕಥೆ ಮುಗಿಸಿದ್ದರೆ ನಿಮಗೆ ಹಿತವಾಗಿರುತ್ತಿತ್ತು, ನನಗೂ. ಎಚ್‌ಎಂಟಿ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು, ಆದರೆ ದಿನಾ ಅಷ್ಟೇ ಬೀಳುತ್ತಿತ್ತು, ಅದು ನಿಜ. ಮಾತ್ರೆ ಮಾತ್ರ ಅದೂ ನೆನಪಿಸುತ್ತಿರಲಿಲ್ಲ.

ಹೋದ ವಾರ ಅಪ್ಪ ಫೋನ್ ಮಾಡಿದರು.

"ಅದೇನೋ ಮತ್ತೆ ಅಪ್‌ಡೇಟ್ ಬಂದದೆ ಕಣಮ್ಮಾ. ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ ಅಂತ ಐತೆ. ಒತ್ಲಾ?"

"ಬೇಡ ಅಪ್ಪಾ, ಈಗಲೇ ಒತ್ತಬೇಡಿ. ಎರಡು ವಾರ ಇರಿ. ಹಾಕ್ಕೊಂಡೋರಿಗೆ ಏನಾದ್ರೂ ತೊಂದರೆ ಆಗಿದೆಯಾ ನೋಡಿ ಹೇಳ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಅಂದ್ರೆ" ಅಂದರು ಅಪ್ಪ, "ಬೇರೆ ಯಾರೋ ಮೊದಲು ಕಂಬ ಹತ್ಲಿ ಅಂತೀಯಾ?"